ಪುಣೆಯ ಮಗಳು, ಗುಡಿಬಂಡೆಯ ಅಮ್ಮ: ಆಗಸ್ಟ್ 31ರ ಹೂವು ತಲುಪಿದ ಬಗೆ

ಹೂವು ಕಳಿಸಿದವರು ಪುಣೆಯಲ್ಲಿ ಕೆಲಸಕ್ಕಿರುವ ಮಗಳು. ಪಡೆದವರು ಚಿಕ್ಕಬಳ್ಳಾಪುರ ಜಿಲ್ಲೆಯ ಗುಡಿಬಂಡೆಯಲ್ಲಿರುವ ತಾಯಿ. ಊರಿನಿಂದ ಆರು ಕಿಲೋಮೀಟರ್ ದೂರದ ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿಯಾಗಿದ್ದವರು. ಸಂದರ್ಭ ನಿವೃತ್ತಿ. ರಾಜ್ಯ ಸರ್ಕಾರಿ ನೌಕರರು ಅರವತ್ತು ತುಂಬುವ ತಿಂಗಳ ಕೊನೆಯ ದಿನ ನಿವೃತ್ತರಾಗುವುದರಿಂದ ದಿನಾಂಕ ವರ್ಷಗಳ ಮೊದಲೇ ಗೊತ್ತಿತ್ತು: 2024ರ ಆಗಸ್ಟ್ 31. ಮಗಳಿಗೆ ರಜೆ ಸಿಗಲಿಲ್ಲ. ತಾನು ಬರಲಾಗದಿದ್ದರೂ ಹೂವಾದರೂ ಆ ಬೆಳಗ್ಗೆ ಅಮ್ಮನ ಕೈ ಸೇರಲಿ ಎಂಬ ಆಸೆ.

ದಿನಾಂಕ ಗೊತ್ತಿದ್ದರೂ ಆ ದಿನದ ಗುಣ ಯಾರಿಗೂ ಹೊಳೆದಿರಲಿಲ್ಲ. ಒಂದು, ಅದು ಶ್ರಾವಣದ ಕೊನೆಯ ಶನಿವಾರ. ಶ್ರಾವಣ ಶನಿವಾರವೆಂದರೆ ವೆಂಕಟರಮಣನ ಗುಡಿ, ಆಂಜನೇಯನ ಗುಡಿಗಳಿಗೆಲ್ಲ ಹೂವು ಹರಿಯುವ ದಿನ. ಅಂಗಡಿಯಲ್ಲಿ ಒಳ್ಳೆಯ ಹೂವು ಉಳಿಯುವುದು ಕಷ್ಟ, ಬೆಲೆ ಇಳಿಯುವ ಮಾತಂತೂ ಇಲ್ಲ. ಎರಡು, ಶನಿವಾರ ಬೆಳಗಿನ ಶಾಲೆ. ಮಧ್ಯಾಹ್ನದ ಹೊತ್ತಿಗೆ ಶಾಲೆಗೆ ಬೀಗ ಬಿದ್ದಿರುತ್ತದೆ. ಸಂಜೆ ಐದಕ್ಕೆ ತಲುಪುವ ಹೂವು ಖಾಲಿ ಶಾಲೆಗೆ ತಲುಪಿದಂತೆ.

ಇದನ್ನು ಬರೆದಿಡುವುದಕ್ಕೆ ಕಾರಣವಿದೆ. ಸಣ್ಣ ಊರಿಗೆ ಹೂವು ಕಳಿಸುವವರು ಹೆಚ್ಚಾಗಿ ವಿಳಾಸ ಕೊಟ್ಟು ನಿಶ್ಚಿಂತರಾಗುತ್ತಾರೆ. ಅಂಥ ಊರಲ್ಲಿ ಹೂವು ವಿಳಾಸ ಹಿಡಿದು ಹೋಗುವುದಿಲ್ಲ, ಆಳು ಹಿಡಿದು ಹೋಗುತ್ತದೆ. ಯಾರ ಕೈಯಲ್ಲಿ, ಎಷ್ಟು ಹೊತ್ತಿಗೆ ಎಂಬುದು ಗಟ್ಟಿಯಾದರೆ ಮುಕ್ಕಾಲು ಕೆಲಸ ಮುಗಿಯಿತು.

ಮೊದಲ ಪ್ರಯತ್ನ: ವರಮಹಾಲಕ್ಷ್ಮಿ ಹಬ್ಬದ ಬುಟ್ಟಿ

ಪರೀಕ್ಷೆಗೆಂದು ಮಗಳು ಹದಿನೈದು ದಿನ ಮೊದಲೇ, ಆಗಸ್ಟ್ 16ರ ವರಮಹಾಲಕ್ಷ್ಮಿ ಹಬ್ಬಕ್ಕೆ, ಆನ್‌ಲೈನ್‌ನಲ್ಲಿ ಒಂದು ಬುಟ್ಟಿ ತರಿಸಿದರು. ಹತ್ತು ಕೆಂಪು ಗುಲಾಬಿ, ಎಂಟು ಜರ್ಬೆರಾ, ಸುತ್ತ ಹಸಿರೆಲೆ, ಮೇಲೆ ಪಾರದರ್ಶಕ ಹಾಳೆ. ಬೆಲೆ ₹1,499. ಪಿನ್ ಕೋಡ್ ಹಾಕಿದ ಕೂಡಲೇ 'ಈ ಊರಿಗೆ ತಲುಪಿಸುತ್ತೇವೆ' ಎಂದು ಬಂತು. ಬುಟ್ಟಿ ಮನೆಗೆ ಬಂದಾಗ ಸಂಜೆ ನಾಲ್ಕು ನಲವತ್ತು. ಕಳಶ ಕೂರಿಸಿ, ಪೂಜೆ ಮುಗಿದು, ಅರಿಶಿನ ಕುಂಕುಮಕ್ಕೆ ಬಂದವರು ಹೋಗಿಯೂ ಆಗಿತ್ತು. ಆರು ಗುಲಾಬಿಗಳ ಕತ್ತು ಬಗ್ಗಿತ್ತು, ಜರ್ಬೆರಾ ಎಲ್ಲವೂ ತಲೆ ತಗ್ಗಿಸಿದ್ದವು.

ಅಮ್ಮ ಬುಟ್ಟಿಯನ್ನು ಬಿಸಾಡದೆ ಇಟ್ಟಿದ್ದು ಒಳ್ಳೆಯದಾಯಿತು. ಬಿಚ್ಚಿ ನೋಡಿದಾಗ ಕಾರಣ ಕಣ್ಣಿಗೇ ಕಂಡಿತು. ಬುಟ್ಟಿಯ ತಳದಲ್ಲಿ ಹೂವಿನ ಅಂಗಡಿಯವರು ಓಯಸಿಸ್ ಎನ್ನುವ ಹಸಿರು ಫೋಮಿನ ಇಟ್ಟಿಗೆ ಇತ್ತು. ಚಾಕುವಿನಿಂದ ಅಡ್ಡ ಸೀಳಿದರೆ ಹೊರಗಿನ ಎರಡು ಬೆರಳಿನಷ್ಟು ಕಡುಹಸಿರು, ಒದ್ದೆ. ನಡುವೆ ತಿಳಿಹಸಿರು, ಒಣಗಿ ಪುಡಿಪುಡಿ. ಬಗ್ಗಿದ ಆರು ಗುಲಾಬಿಗಳ ದಂಟಿನ ತುದಿ ಸರಿಯಾಗಿ ಆ ಒಣ ಭಾಗದಲ್ಲೇ ನಿಂತಿತ್ತು. ಫೋಮನ್ನು ಅಗಲವಾದ ಬಕೆಟ್ಟಿನ ನೀರಿನ ಮೇಲೆ ಸುಮ್ಮನೆ ಇಡಬೇಕು. ಅದು ತಾನಾಗಿ ನೀರು ಹೀರಿ ತಾನಾಗಿ ಮುಳುಗಬೇಕು, ಒಂದೆರಡು ನಿಮಿಷ ಸಾಕು. ಅವಸರಕ್ಕೆ ಕೈಯಲ್ಲಿ ಒತ್ತಿ ಮುಳುಗಿಸಿದರೆ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ, ಆಮೇಲೆ ಎಷ್ಟು ನೀರು ಸುರಿದರೂ ನಡುವೆ ಹೋಗುವುದಿಲ್ಲ. ಹಬ್ಬದ ಬೆಳಗ್ಗೆ ಹಾರ, ಮಂಟಪದ ಅಲಂಕಾರ ಎಂದು ಅಂಗಡಿ ತುಂಬ ಜನ ನಿಂತಿದ್ದಾಗ ಆ ಎರಡು ನಿಮಿಷ ಯಾರಿಗೂ ಸಿಕ್ಕಿಲ್ಲ.

ಉಳಿದದ್ದನ್ನು ಫೋನಿನಲ್ಲಿ ವಿಚಾರಿಸಿ ಜೋಡಿಸಲಾಯಿತು. ಆರ್ಡರು ತೆಗೆದುಕೊಂಡವರು ಹೂವು ಮುಟ್ಟಿಯೇ ಇರಲಿಲ್ಲ, ಚಿಕ್ಕಬಳ್ಳಾಪುರದ ಒಂದು ಅಂಗಡಿಗೆ ದಾಟಿಸಿದ್ದರು. ಬುಟ್ಟಿ ಬೆಳಗ್ಗೆ ಏಳಕ್ಕೇ ಸಿದ್ಧವಾಗಿ ಮಧ್ಯಾಹ್ನ ಎರಡರವರೆಗೆ ಅಂಗಡಿ ಮುಂದೆ ಕೂತಿತ್ತು. ಆಮೇಲೆ ಬೈಕಿನ ಹಿಂದೆ ಕಟ್ಟಿಕೊಂಡು ಸುಮಾರು 35 ಕಿಲೋಮೀಟರ್ ಪ್ರಯಾಣ. ಹೆದ್ದಾರಿಯಲ್ಲಿ ಪೇರೇಸಂದ್ರ ಕ್ರಾಸಿನವರೆಗೆ ಬಂದು ಹುಡುಗ ಫೋನ್ ಮಾಡಿದ. ಗೊತ್ತಿಲ್ಲದ ನಂಬರೆಂದು ಅಮ್ಮ ಎತ್ತಲಿಲ್ಲ. ಪಾರದರ್ಶಕ ಹಾಳೆಯನ್ನು ಕೆಳಗಿನಿಂದ ಮೇಲಿನವರೆಗೆ ಸುತ್ತಿ ಟೇಪು ಹಾಕಿದ್ದರಿಂದ ಬಿಸಿಲಿಗೆ ಒಳಗೆ ಆವಿ ಕಟ್ಟಿ, ಹೂವು ಬೆಂದಂತಾಗಿತ್ತು. ಜರ್ಬೆರಾದ ದಂಟು ಟೊಳ್ಳು, ಆಸರೆಗೆ ಸಣ್ಣ ತಂತಿಯನ್ನೋ ಸ್ಟ್ರಾವನ್ನೋ ಕೊಡದೆ ಬೈಕಿನ ಕುಲುಕಾಟಕ್ಕೆ ಒಡ್ಡಿದರೆ ಕತ್ತಿನ ಬಳಿ ಮಡಚಿಯೇ ತೀರುತ್ತದೆ. ಒಮ್ಮೆ ಮಡಚಿದ ಕಡೆಯಿಂದ ಮೇಲಕ್ಕೆ ನೀರು ಏರುವುದಿಲ್ಲ.

ಜೊತೆಗಿದ್ದ ಕಾರ್ಡು ಇಂಗ್ಲಿಷ್ ಅಕ್ಷರದಲ್ಲಿ ಅಚ್ಚಾಗಿತ್ತು. 'ಅಮ್ಮ' ಎಂದು ಮಗಳು ಬರೆದಿದ್ದು ಅಲ್ಲಿ 'ಮಾ' ಆಗಿತ್ತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕನ್ನಡ ಅಕ್ಷರ ಕಲಿಸಿದ ತಾಯಿಗೆ ಮಗಳ ಕಾರ್ಡು ಹೀಗೆ ಬಂದಿದ್ದು ಬಾಡಿದ ಹೂವಿಗಿಂತ ಹೆಚ್ಚು ನೋವಿನ ಸಂಗತಿ ಎನ್ನುವುದು ನಮ್ಮ ಅಭಿಪ್ರಾಯ.

ಒಟ್ಟು ಪ್ರಸಂಗದಲ್ಲಿ ಮನಸ್ಸಿಗೆ ಚುಚ್ಚುವುದು ಇನ್ನೊಂದು. ಚಿಕ್ಕಬಳ್ಳಾಪುರ ಹೂವಿನ ಜಿಲ್ಲೆ. ಗುಲಾಬಿ, ಸೇವಂತಿಗೆ, ಚೆಂಡುಹೂ ಬೆಳೆದು ಹೊರಗಿನ ಊರುಗಳಿಗೆ ಲಾರಿ ತುಂಬುವ ನೆಲ. ಅಂಥ ನೆಲದ ಮನೆಯೊಂದಕ್ಕೆ ಹಬ್ಬದ ದಿನ ಬಾಡಿದ ಹೂವು ಬಂತು.

ಏನು ಕಳಿಸಬೇಕು ಎಂಬ ಪ್ರಶ್ನೆ

ಎರಡನೇ ಸಲ ಯೋಜನೆ ಶುರುವಾಗಿದ್ದು ಚಿತ್ರ ನೋಡಿ ಆರಿಸುವುದರಿಂದಲ್ಲ, ಆ ಹೂವನ್ನು ಅಮ್ಮ ಏನು ಮಾಡುತ್ತಾರೆ ಎಂದು ಕೇಳಿಕೊಳ್ಳುವುದರಿಂದ. ಮುಡಿಯುತ್ತಾರೆ, ದೇವರಿಗೆ ಏರಿಸುತ್ತಾರೆ, ಜೊತೆಯವರಿಗೆ ಹಂಚುತ್ತಾರೆ. ಬುಟ್ಟಿಯ ಹೂವಿನಿಂದ ಈ ಮೂರರಲ್ಲಿ ಒಂದೂ ಆಗದು. (ಮುಡಿಯುವ ಹೂವು ಕಳಿಸುವ ಮೊದಲು ಪಡೆಯುವವರ ರೂಢಿ ಏನೆಂದು ಮನೆಯವರನ್ನು ಕೇಳಲೇಬೇಕು. ಗಂಡ ತೀರಿಕೊಂಡ ಮೇಲೂ ಮುಡಿಯುವವರಿದ್ದಾರೆ, ಬಿಟ್ಟವರೂ ಇದ್ದಾರೆ. ಊಹೆಯ ಮೇಲೆ ಕಳಿಸಿ ಒಬ್ಬರ ಮನಸ್ಸು ನೋಯಿಸಬಾರದು.)

ಹಾರವನ್ನು ಪಟ್ಟಿಯಿಂದ ಕೈಬಿಡಲಾಯಿತು. ಮಂಗಳವಾರವೇ ಮುಖ್ಯ ಶಿಕ್ಷಕರಿಗೆ ಫೋನ್ ಮಾಡಿದಾಗ ಶಾಲು, ಹಾರ, ಫಲತಾಂಬೂಲ ಎಲ್ಲವನ್ನೂ ಸಹೋದ್ಯೋಗಿಗಳೇ ತರುತ್ತಾರೆಂದು ಗೊತ್ತಾಯಿತು. ಬೀಳ್ಕೊಡುಗೆ ಹತ್ತು ಗಂಟೆಗೆ, ನಂತರ ಎಲ್ಲರಿಗೂ ಹೋಳಿಗೆ ಊಟ. ಅದೇ ಕರೆಯಲ್ಲಿ ತಲೆಲೆಕ್ಕವೂ ಸಿಕ್ಕಿತು: ಶಿಕ್ಷಕಿಯರು ಐದು, ಬಿಸಿಯೂಟದ ಅಡುಗೆಯವರು ಮೂರು, ಏಳನೇ ತರಗತಿಯ ಹುಡುಗಿಯರು ಎಂಟು. ಅಮ್ಮನಿಗೆ ಎರಡು ಮೊಳ, ಮನೆದೇವರಿಗೆ ಒಂದು, ಎಂಟು ಹೆಂಗಸರಿಗೆ ಅರ್ಧರ್ಧ ಮೊಳದಂತೆ ನಾಲ್ಕು, ಹುಡುಗಿಯರಿಗೆ ಕಾಲು ಮೊಳದಂತೆ ಎರಡು. ಒಟ್ಟು ಒಂಬತ್ತು. ಕಡಿಮೆ ಬೀಳದಿರಲೆಂದು ಒಂದು ಮೊಳ ಸೇರಿಸಿ ಹತ್ತು ಎಂದು ತೀರ್ಮಾನವಾಯಿತು.

ಗುಡಿಬಂಡೆಯಲ್ಲಿ ಸಿಗದೆ ಹೊರಗಿನಿಂದ ಬರಬೇಕಾದದ್ದು ಒಂದೇ: ಉದ್ದ ದಂಟಿನ ಕೆಂಪು ಗುಲಾಬಿ, ಇಪ್ಪತ್ತರ ಒಂದು ಕಟ್ಟು. ಮಗಳಿಗೆ ಅಮ್ಮನ ಮೇಜಿನ ಮೇಲೆ ಗುಲಾಬಿ ಇರಲೇಬೇಕಿತ್ತು, ಆ ಆಸೆ ನ್ಯಾಯವಾದದ್ದೇ. ಊರಿನಲ್ಲೇ ಕಟ್ಟಬಹುದಾದದ್ದನ್ನು ಊರಿನಲ್ಲೇ ಕಟ್ಟಿಸಿ, ಪ್ರಯಾಣದ ಹೊರೆಯನ್ನು ಒಂದೇ ಬಗೆಯ ಹೂವಿಗೆ ಇಳಿಸಿದ್ದು ಈ ಪ್ರಕರಣದ ದೊಡ್ಡ ಜಾಣತನ.

ಯಾವ ಹೂವು ಕಟ್ಟಿಸಬೇಕು ಎಂಬಲ್ಲಿ ಸ್ವಲ್ಪ ಚರ್ಚೆ ನಡೆಯಿತು. ಮಗಳ ಮನಸ್ಸು ಮಲ್ಲಿಗೆಯ ಮೇಲೆ. ಆದರೆ ಶುಕ್ರವಾರ ನಸುಕಿನಲ್ಲಿ ಕಿತ್ತ ಮಲ್ಲಿಗೆ ಮೊಗ್ಗು ಅಂದು ರಾತ್ರಿಗೇ ಬಿರಿಯುತ್ತದೆ. ಶನಿವಾರ ಬೆಳಗ್ಗೆ ಹತ್ತರ ಹೊತ್ತಿಗೆ ಅದರ ಕಾಲ ಮುಗಿಯುತ್ತ ಬಂದಿರುತ್ತದೆ, ಎಸಳಿನ ಅಂಚು ಕಂದು ತಿರುಗುತ್ತದೆ. ಶನಿವಾರ ನಸುಕಿನ ಮೊಗ್ಗು ಬಂದು, ಕಟ್ಟಿ, ಆರೂವರೆಗೆ ಮನೆ ಸೇರುವುದು ಆಗದ ಮಾತು. ಮಲ್ಲಿಗೆ ಸಂಜೆಯ ಸಮಾರಂಭದ ಹೂವು. ಬೆಳಗಿನ ಕಾರ್ಯಕ್ಕೆ, ಅದೂ ಹಿಂದಿನ ರಾತ್ರಿ ಕಟ್ಟಿಡಬೇಕಾದಾಗ, ಕಾಕಡ ಮತ್ತು ಕನಕಾಂಬರ ನಂಬಿಕಸ್ಥ ಜೋಡಿ. ಕಾಕಡಕ್ಕೆ ಪರಿಮಳ ಕಡಿಮೆ, ಬಾಳಿಕೆ ಹೆಚ್ಚು. ಕನಕಾಂಬರಕ್ಕೆ ವಾಸನೆಯೇ ಇಲ್ಲ, ಆದರೆ ಮಾರನೇ ದಿನಕ್ಕೂ ಬಣ್ಣ ಕೆಡದು. ಪರಿಮಳದ ಕೊರತೆ ತುಂಬಲು ನಡುನಡುವೆ ಮರುಗ. ನಾಲ್ಕು ಬೆರಳಿಗೊಂದು ಕುಡಿ ಸಾಕು, ಹೆಚ್ಚಾದರೆ ಹೂವಿನ ದಂಡೆ ಸೊಪ್ಪಿನ ಕಟ್ಟಿನಂತೆ ಕಾಣುತ್ತದೆ.

ಕೈಗಳು

ಮೂರು ಜನ ಬೇಕಾದರು. ಪೇರೇಸಂದ್ರದಲ್ಲಿರುವ ಚಿಕ್ಕಪ್ಪನ ಮಗ, ಗುಡಿಬಂಡೆ ಬಸ್‌ಸ್ಟ್ಯಾಂಡಿನ ಬಳಿ ಹೂವು ಕಟ್ಟಿ ಮಾರುವ ಹೆಂಗಸು, ಮನೆಯಲ್ಲಿ ಗುಟ್ಟು ಕಾಯಲು ಅಪ್ಪ.

ಹೂವಿನವರ ಜೊತೆ ಮಾತಾಡುವಾಗ 'ಹತ್ತು ಮೊಳ' ಎಂದಷ್ಟೇ ಹೇಳಿ ಫೋನಿಡುವುದು ಸಾಮಾನ್ಯ ತಪ್ಪು. ಮೊಳವನ್ನು ಅಳೆಯುವುದು ಕಟ್ಟುವವರ ಕೈಯಲ್ಲಿ, ಮೊಳಕೈಯಿಂದ ನಡುಬೆರಳ ತುದಿವರೆಗೆ. ಅದು ಒಂದೂವರೆ ಅಡಿಯ ಆಸುಪಾಸು, ಕೈಯಿಂದ ಕೈಗೆ ಎರಡು ಬೆರಳು ಹೆಚ್ಚುಕಡಿಮೆ. ಅದಕ್ಕಿಂತ ದೊಡ್ಡ ವ್ಯತ್ಯಾಸ ಬರುವುದು ಕಟ್ಟಿನಲ್ಲಿ. ಒತ್ತಾಗಿ ಕಟ್ಟಿದ ಮೊಳಕ್ಕೆ ಹಿಡಿಯುವ ಹೂವಿನಲ್ಲಿ ಸಡಿಲವಾಗಿ ಕಟ್ಟಿದರೆ ಒಂದೂವರೆ ಮೊಳವೇ ಆಗುತ್ತದೆ. ಹಬ್ಬದ ದಿನಗಳಲ್ಲಿ ಬೆಲೆ ಏರಿಸುವ ಬದಲು ಕಟ್ಟು ಸಡಿಲ ಮಾಡುವುದೂ ಉಂಟು. ಹೀಗಾಗಿ ಚಿಕ್ಕಪ್ಪನ ಮಗ ಎದುರಿಗೇ ಹೋಗಿ, ಒಂದು ಗೇಣು ಕಟ್ಟಿದ ತುಂಡನ್ನು ತೋರಿಸಿ, "ಅಕ್ಕಾ, ಇದೇ ಒತ್ತು ಇರಬೇಕು, ಶನಿವಾರದ ರೇಟೇ ಹಾಕ್ಕೊಳ್ಳಿ" ಎಂದು ಮೊಳಕ್ಕೆ ₹50ರಂತೆ ಮಾತು ಮುಗಿಸಿದ. ಹತ್ತು ಮೊಳದ ₹500ಕ್ಕಿಂತ ಸ್ವಲ್ಪ ಹೆಚ್ಚೇ, ₹600 ಮುಂಗಡ ಫೋನಿನಲ್ಲೇ ಹೋಯಿತು. ಶ್ರಾವಣ ಶನಿವಾರಕ್ಕೆ ಮುಂಗಡ ಕೊಡದ ಬಾಯಿಮಾತಿನ ಆರ್ಡರು ಗುಡಿಯ ಗಿರಾಕಿ ಬಂದ ಕೂಡಲೇ ಕರಗಿಹೋಗುತ್ತದೆ. ಅದರಲ್ಲಿ ಅವರ ತಪ್ಪೂ ಇಲ್ಲ. ಹೂವು ನಾಳೆಗೆ ಉಳಿಯುವ ಸರಕಲ್ಲ.

ದಾರದ ಬದಲು ಬಾಳೆನಾರಿನಲ್ಲಿ ಕಟ್ಟಿಸುವುದಕ್ಕೆ ಹೆಚ್ಚಿಗೆ ಏನೂ ಕೊಡಬೇಕಾಗಲಿಲ್ಲ. ಒದ್ದೆ ನಾರು ರಾತ್ರಿಯಿಡೀ ತೊಟ್ಟಿಗೆ ತಂಪು ಕೊಡುತ್ತದೆ, ಕೂದಲಿಗೂ ಮೆತ್ತಗೆ. ಬಿಗಿಯಾದ ಹತ್ತಿ ದಾರ ಕಾಕಡದ ತೊಟ್ಟನ್ನು ಕತ್ತರಿಸುವುದುಂಟು.

ಶುಕ್ರವಾರ ಸಂಜೆ

ಗುಲಾಬಿ ಕಟ್ಟನ್ನು ಚಿಕ್ಕಪ್ಪನ ಮಗ ಮಧ್ಯಾಹ್ನ ಚಿಕ್ಕಬಳ್ಳಾಪುರದಿಂದ ತಂದ. ಇಪ್ಪತ್ತು ದಂಟು, ₹240. ಆರಿಸುವಾಗ ನೋಡಬೇಕಾದದ್ದು ಬಣ್ಣಕ್ಕಿಂತ ಹೊರ ಎಸಳು. ಮೊಗ್ಗು ಕಲ್ಲಿನಂತೆ ಬಿಗಿದಿದ್ದರೆ ಅದು ಅರಳದೆಯೇ ಕತ್ತು ಬಗ್ಗಿಸಬಹುದು. ಪೂರ್ತಿ ಬಿಚ್ಚಿದ್ದರೆ ಬೈಕಿನ ಮೇಲೇ ಉದುರುತ್ತದೆ. ಹೊರಗಿನ ಒಂದೆರಡು ಎಸಳು ಆಗಷ್ಟೇ ಸಡಿಲವಾಗಿರಬೇಕು, ಮೊಗ್ಗಿನ ಬುಡವನ್ನು ಬೆರಳಲ್ಲಿ ಒತ್ತಿದರೆ ಗಟ್ಟಿ ಇರಬೇಕು. ಬುಡ ಮೆತ್ತಗಿದ್ದರೆ ಹಳೆಯ ಹೂವು, ಹೊರ ಎಸಳು ಕಿತ್ತು ಹೊಸದರಂತೆ ಮಾಡಿರುತ್ತಾರೆ.

ತನ್ನ ಮನೆಗೆ ಬಂದ ಮೇಲೆ ಅವನು ಮಾಡಿದ್ದು ಇಷ್ಟು. ನೀರಲ್ಲಿ ಮುಳುಗುವ ಕೆಳಗಿನ ಮೂರನೇ ಒಂದು ಭಾಗದ ಎಲೆಗಳನ್ನೆಲ್ಲ ತೆಗೆದದ್ದು, ಏಕೆಂದರೆ ನೀರಲ್ಲಿ ಕೊಳೆತ ಎಲೆಯೇ ದಂಟಿನ ಬಾಯಿ ಕಟ್ಟಿಸುತ್ತದೆ. ದಂಟಿನ ತುದಿಯನ್ನು ಬಕೆಟ್ಟಿನ ನೀರಿನ ಒಳಗೇ ಹಿಡಿದು, ಹರಿತವಾದ ಚಾಕುವಿನಿಂದ ಒಂದಿಂಚು ಓರೆಯಾಗಿ ಕೊಯ್ದದ್ದು. ಗಾಳಿಯಲ್ಲಿ ಕೊಯ್ದರೆ ದಂಟಿನ ನಾಳಕ್ಕೆ ಗಾಳಿಗುಳ್ಳೆ ಹೊಕ್ಕು ನೀರಿಗೆ ಅಡ್ಡ ನಿಲ್ಲುತ್ತದೆ. ಮಂದ ಕತ್ತರಿ ದಂಟನ್ನು ಜಜ್ಜುತ್ತದೆ, ಅದೂ ಬೇಡ. ಆಮೇಲೆ ಒಂದು ಗೇಣು ನೀರಿರುವ ತೊಳೆದ ಬಕೆಟ್ಟಿನಲ್ಲಿ ನಿಲ್ಲಿಸಿ, ರಾತ್ರಿಯಿಡೀ ಬಚ್ಚಲುಮನೆಯ ಮೂಲೆಯಲ್ಲಿ ಇಟ್ಟಿದ್ದು. ಹೂವಿನ ಶೈತ್ಯಾಗಾರದಲ್ಲಿ ಗುಲಾಬಿಯನ್ನು 2ರಿಂದ 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುತ್ತಾರೆ. ಮನೆಯಲ್ಲಿ ಅದು ಸಾಧ್ಯವಿಲ್ಲ. ಫ್ರಿಜ್ಜಿನಲ್ಲಿ ಹಣ್ಣಿನ ಪಕ್ಕ ಇಡುವುದಕ್ಕಿಂತ ತಂಪು ನೆಲ ಎಷ್ಟೋ ವಾಸಿ. ಮಾಗಿದ ಬಾಳೆಹಣ್ಣು, ಮಾವು, ಸೇಬು ಬಿಡುವ ಎಥಿಲೀನ್ ಅನಿಲ ಹೂವಿಗೆ ಬೇಗ ಮುಪ್ಪು ತರುತ್ತದೆ. ಫಲತಾಂಬೂಲದ ಬುಟ್ಟಿಯಲ್ಲಿ ಬಾಳೆಹಣ್ಣಿನ ಮೇಲೆ ಹೂವಿಟ್ಟು ರಾತ್ರಿಯಿಡೀ ಮುಚ್ಚಿಡುವವರು ಇದನ್ನು ನೆನಪಿಡಬೇಕು.

ಸಂಜೆ ಐದಕ್ಕೆ ಮಳೆ ಬಂತು. ಕಾಕಡ ತೋಟದಿಂದ ತೊಯ್ದು ಬಂದಿತ್ತು. ಕೂಡಲೇ ಕಟ್ಟಿಸಿಬಿಡೋಣ ಎಂದು ಚಿಕ್ಕಪ್ಪನ ಮಗ ಅವಸರ ಮಾಡಿದಾಗ ಹೂವಿನವರು ಒಪ್ಪಲಿಲ್ಲ. "ನೀರ್ ಹೂವು ಕಟ್ಟಿದ್ರೆ ಬೆಳಗ್ಗೆ ಹೊತ್ಗೆ ಕರ್ರಗಾಗ್ತದಪ್ಪ. ಮೇಡಮ್ಮೋರ ತಲೆಗೆ ಅಂಥಾದ್ದು ಕೊಡ್ಲಾ ನಾನು?" ಎಂದು ಹಳೆಯ ಪಂಚೆಯೊಂದರ ಮೇಲೆ ತೆಳ್ಳಗೆ ಹರಡಿ ಫ್ಯಾನು ಹಾಕಿದರು. ಮುಕ್ಕಾಲು ಗಂಟೆ ಹಿಡಿಯಿತು. ಕಲೆ ಬಿದ್ದ ಮೊಗ್ಗುಗಳನ್ನು ಆರಿಸಿ ತೆಗೆದಾಗ ಹೂವು ಒಂಬತ್ತು ಮೊಳಕ್ಕೆ ಮಾತ್ರ ಸಾಕಾಯಿತು. ಹೆಚ್ಚಿಗೆ ಹೇಳಿದ್ದ ಒಂದು ಮೊಳ ಇಲ್ಲಿ ಕೈಹಿಡಿಯಿತು. ಅವರ ಈ ಹಟ ಇಲ್ಲದಿದ್ದರೆ ಇಡೀ ಯೋಜನೆ ಒದ್ದೆ ಹೂವಿನಲ್ಲಿ ಮುಳುಗುತ್ತಿತ್ತು.

ಕಟ್ಟಿದ ದಂಡೆಯನ್ನು ಸುರುಳಿ ಸುತ್ತಿ ಬಾಳೆ ಎಲೆಯಲ್ಲಿಟ್ಟು, ಮೇಲೆ ಒದ್ದೆ ಮಾಡಿ ಹಿಂಡಿದ ತೆಳು ಬಟ್ಟೆ ಹೊದಿಸಿದರು. ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಹಾಕುವುದು ಎಲ್ಲ ಕಡೆ ಕಾಣುವ ಅಭ್ಯಾಸ. ಹೂವಿನ ಉಸಿರೇ ಹನಿಯಾಗಿ ಮೇಲೆ ಬಿದ್ದು ಬೆಳಗ್ಗೆ ಹೊತ್ತಿಗೆ ಕೊಳೆ ಹತ್ತುತ್ತದೆ. ಎಲೆಪೊಟ್ಟಣಕ್ಕೆ ಉಸಿರಾಟವಿದೆ, ತೇವವೂ ಇದೆ.

ಶನಿವಾರ

ಅಪ್ಪ ಆರಕ್ಕೆ ಹಾಲು ತರುವ ನೆಪದಲ್ಲಿ ಹೊರಟು ಬಸ್‌ಸ್ಟ್ಯಾಂಡಿನಿಂದ ಎಲೆಪೊಟ್ಟಣ ತಂದರು. ಅಮ್ಮ ತಲೆ ಬಾಚಿ ಮುಗಿಸುವ ಮೊದಲು ಹೂವು ಮನೆಯಲ್ಲಿತ್ತು.

ಗುಲಾಬಿಯ ದಾರಿ ಬೇರೆ. ಮೊದಲ ಯೋಜನೆಯಲ್ಲಿ ಅದು ಪೇರೇಸಂದ್ರದಿಂದ ಬೆಳಗಿನ ಬಸ್ಸಿನಲ್ಲಿ ಬರಬೇಕಿತ್ತು. ಬಸ್ಸು ಹೊತ್ತಿಗೆ ಬರಲಿಲ್ಲ. ಕಾಲು ಗಂಟೆ ಕಾದು ಹುಡುಗ ಬೈಕು ತೆಗೆದ. ಇಂಥ ಬದಲಿ ದಾರಿಯನ್ನು ಮೊದಲೇ ಮಾತಾಡಿಕೊಂಡಿದ್ದರಿಂದ ಗಾಬರಿ ಇರಲಿಲ್ಲ. ಬಸ್ಸಿನಲ್ಲೇ ಕಳಿಸುವವರಿಗೆ ಒಂದು ಮಾತು: ಚಾಲಕರ ಪಕ್ಕದ ಎಂಜಿನ್ ಮುಚ್ಚಳದ ಮೇಲೆ ಪಾರ್ಸೆಲ್ ಇಡಲು ಬಿಡಬೇಡಿ. ಜಾಗ ಅಲ್ಲೇ ಇರುತ್ತದೆ, ಆದರೆ ಆ ಕಾವಿಗೆ ಗುಲಾಬಿ ಅರ್ಧ ಗಂಟೆಯೂ ತಾಳದು. ಕಂಡಕ್ಟರ್ ಬಳಿ ಲಗೇಜ್ ಟಿಕೆಟ್ ಮಾಡಿಸಿ, ಸೀಟಿನ ಕೆಳಗೆ ನೆರಳಲ್ಲಿ ಇರಿಸಿ, ಇಳಿಸಿಕೊಳ್ಳುವವರ ನಂಬರನ್ನು ಪಾರ್ಸೆಲ್ ಮೇಲೆ ದಪ್ಪಗೆ ಬರೆದಿರಬೇಕು.

ಪೊಟ್ಟಣ ಕಟ್ಟಿದ ರೀತಿ ಸರಳ. ದಂಟಿನ ತುದಿಗಳಿಗೆ ಮುಷ್ಟಿಯಷ್ಟು ಒದ್ದೆ ಹತ್ತಿ, ಅದರ ಮೇಲೆ ಪ್ಲಾಸ್ಟಿಕ್ ಕವರು, ರಬ್ಬರ್ ಬ್ಯಾಂಡು. ಮೇಲ್ಭಾಗಕ್ಕೆ ಒಣ ದಿನಪತ್ರಿಕೆಯನ್ನು ಹೂವಿನ ತಲೆಗಿಂತ ನಾಲ್ಕು ಬೆರಳು ಎತ್ತರಕ್ಕೆ ಕೊಳವೆಯಂತೆ ಸುತ್ತಿ, ಬಾಯಿ ತೆರೆದು ಬಿಟ್ಟಿದ್ದು. ಬುಡಕ್ಕೆ ನೀರು, ತಲೆಗೆ ಗಾಳಿ. ಫೋಮ್ ಇಲ್ಲ, ಬುಟ್ಟಿ ಇಲ್ಲ. ಒಂಬತ್ತೂಕಾಲಿಗೆ ಮುಖ್ಯ ಶಿಕ್ಷಕರ ಕೊಠಡಿಯಲ್ಲಿ ಕಾಗದ ಬಿಚ್ಚಿ, ರಿಬ್ಬನ್ ಕಟ್ಟಿ, ನೀರು ತುಂಬಿದ ಸ್ಟೀಲ್ ಚೊಂಬಿನಲ್ಲಿ ನಿಲ್ಲಿಸಿದರು. ಇಪ್ಪತ್ತರಲ್ಲಿ ಮೂರು ಬಗ್ಗಿದ್ದವು. ಮೂರೂ ತೀರಾ ಬಿಗಿ ಮೊಗ್ಗುಗಳು, ಆರಿಸುವಾಗ ಕಣ್ಣು ತಪ್ಪಿದವು. ಅವನ್ನು ತೆಗೆದಿಟ್ಟರು.

ಕಾರ್ಡನ್ನು ಮಗಳು ಪುಣೆಯಲ್ಲಿ ಕೈಯಲ್ಲೇ ಬರೆದು ಫೋಟೊ ಕಳಿಸಿದ್ದರು. ಹುಡುಗ ಅದನ್ನು ಪೇರೇಸಂದ್ರದಲ್ಲಿ ಪ್ರಿಂಟ್ ತೆಗೆಸಿ, ರಟ್ಟಿಗೆ ಅಂಟಿಸಿ, ರಿಬ್ಬನ್ನಿಗೆ ಕಟ್ಟಿದ್ದ. ಅಕ್ಷರ ಮಗಳದೇ: "ಅಮ್ಮ, ಸೋಮವಾರ ಎಂಟೂವರೆ ಬಸ್ಸು ನೀನಿಲ್ಲದೆ ಹೋಗಲಿ." ಕಳಿಸಿದವರ ಹೆಸರು ಕಾಣುವಂತಿರುವುದು ಸಣ್ಣ ವಿಷಯವಲ್ಲ. ಶಾಲು, ಹಾರ, ಬುಟ್ಟಿಗಳ ನಡುವೆ ಹೆಸರಿಲ್ಲದ ಹೂವು ಶಾಲೆಯವರದ್ದೇ ಎಂದಾಗಿಬಿಡುತ್ತದೆ.

ಹೂವು ಹಂಚಿದ್ದು ಅಮ್ಮನೇ. ಅಡುಗೆಯವರಿಂದ ಶುರು ಮಾಡಿದರು. ಕೊನೆಯ ಹುಡುಗಿಗೆ ಬಂದಾಗ ದಂಡೆ ಮುಗಿದಿತ್ತು, ಯಾರಿಗೋ ಕಾಲು ಮೊಳಕ್ಕಿಂತ ಉದ್ದ ಹೋಗಿತ್ತು. ತಮ್ಮ ಮುಡಿಯಿಂದಲೇ ಒಂದು ತುಂಡು ಬಿಡಿಸಿ ಕೊಟ್ಟರು. ಹಂಚುವ ಹೂವನ್ನು ಮನೆಯಲ್ಲೇ ಕತ್ತರಿಸಿ ತುಂಡು ಮಾಡಿ ತಂದಿದ್ದರೆ ಚೆನ್ನಾಗಿತ್ತು. ನಾರು ಕತ್ತರಿಸಿದ ಕಡೆ ಎರಡೂ ತುದಿಗೆ ಗಂಟು ಬೇಕು, ಇಲ್ಲವಾದರೆ ಹೂವು ಜಾರುತ್ತದೆ. ಸಭೆಯಲ್ಲಿ ನಿಂತು ಮಾಡುವ ಕೆಲಸ ಅದಲ್ಲ.

ಉಳಿದ ಹದಿನೇಳು ಗುಲಾಬಿ ಮನೆಗೆ ಬಂದವು. ದಿನವೂ ನೀರು ಬದಲಿಸಿ, ದಿನ ಬಿಟ್ಟು ದಿನ ತುದಿ ಅರ್ಧ ಇಂಚು ಕೊಯ್ದಿದ್ದರಿಂದ ಬುಧವಾರದವರೆಗೆ ನಿಂತವು.

ಲೆಕ್ಕ: ಕಟ್ಟಿದ ಹೂವು ಒಂಬತ್ತು ಮೊಳ ₹450, ಗುಲಾಬಿ ₹240, ಪೆಟ್ರೋಲ್ ₹200, ರಿಬ್ಬನ್ನು ಮತ್ತು ಪ್ರಿಂಟಿಗೆ ₹30. ಒಟ್ಟು ₹920. ಮುಂಗಡದಲ್ಲಿ ಉಳಿದ ₹150ನ್ನು ಹೂವಿನವರು ವಾಪಸು ಕೊಡಲು ಬಂದಾಗ, ಅಲ್ಲೇ ಇರಲಿ ಎಂದು ಮಗಳು ಹೇಳಿದರು. ಸೆಪ್ಟೆಂಬರ್ 6, ಗೌರಿ ಹಬ್ಬದ ಬೆಳಗ್ಗೆ, ಅದೇ ಒತ್ತಿನಲ್ಲಿ ಮೂರು ಮೊಳ ಬಾಳೆ ಎಲೆಯಲ್ಲಿ ಮನೆ ಸೇರಿತು.